ಬಡಿಸುವುದಕ್ಕೆ ಮಾರ್ಕ್ಸ್ ಇಲ್ಲ

ನಮ್ಮ ಅತ್ತೆಗೆ ನೂರಕ್ಕೆ ಎಂಬತ್ತೈದು ಮಾರ್ಕ್ಸ್ ಬಂತು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಲಗೈ ಬಲಗಾಲು ಅರ್ಧಂಬರ್ಧ ಕೆಲಸ ಮಾಡುತ್ತಿರುವಾಗ, ಎಂಬತ್ತೈದು! ನಮ್ಮವರು ಆಸ್ಪತ್ರೆಯ ಕಾರಿಡಾರಿನಲ್ಲೇ ಆ ಹಾಳೆಯ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. "ಇಂಜಿನಿಯರಿಂಗಲ್ಲಿ ನನಗೇ ಇಷ್ಟು ಬಂದಿರ್ಲಿಲ್ಲ ಕಣಮ್ಮಾ" ಎಂದರು. (ಎಷ್ಟು ಬಂದಿತ್ತು ಅನ್ನುವುದನ್ನು ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನಗೆ ಹೇಳಿಲ್ಲ.) ನಾನು ಮನೆಗೆ ಬಂದವಳೇ ಸಿಹಿ ಪೊಂಗಲ್ ಮಾಡಿ, ದೇವರ ಮುಂದಿಟ್ಟು, ನಮ್ಮ ಕ್ವಾರ್ಟರ್ಸ್ ಸಾಲಿನ ಆರು ಮನೆಗೂ ಹಂಚಿದೆ.

ಅತ್ತೆ? ಅವತ್ತು ಮಧ್ಯಾಹ್ನ ಊಟ ಬೇಡ ಅಂದರು.

ಇಷ್ಟು ಚೆನ್ನಾಗಿ ಪಾಸಾದವರು ಯಾರಾದರೂ ಊಟ ಬಿಡುತ್ತಾರೆಯೇ, ನೀವೇ ಹೇಳಿ?

ಹೊಸದಾಗಿ ಈ ಅಂಕಣ ಓದುತ್ತಿರುವವರಿಗೆ ಎರಡು ಮಾತು. ನಾವು ತುಮಕೂರು ಕಡೆಯವರು. ನಮ್ಮವರಿಗೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ದುವ್ವಾಡ ಸ್ಟೇಷನ್ನಿನಲ್ಲಿ ಎರಡು ಟ್ರಂಕು, ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಇಳಿದವಳು ನಾನು. ಮಾವನವರು ತೀರಿಕೊಂಡ ಮೇಲೆ, ಎಂಟು ವರ್ಷದ ಹಿಂದೆ, ಅತ್ತೆ ನಮ್ಮ ಜೊತೆಗೇ ಬಂದರು.

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅತ್ತೆ ಬಟ್ಟೆ ಒಣಹಾಕಲು ಹೋದವರು ಹಾಗೇ ಕುಸಿದರು. ಲಕ್ವ. ಬಲಭಾಗ ಹೋಯಿತು, ಮಾತು ತೊದಲಿತು.

ದೇವರು ಆಗಲೂ ಕೈಬಿಡಲಿಲ್ಲ ಅನ್ನುವವಳು ನಾನು. ಬಿದ್ದದ್ದು ಸಿಮೆಂಟಿನ ಮೇಲಲ್ಲ, ಬಟ್ಟೆಯ ರಾಶಿಯ ಮೇಲೆ. ಅವತ್ತು ನಮ್ಮವರಿಗೆ ಸೆಕೆಂಡ್ ಶಿಫ್ಟ್, ಮನೆಯಲ್ಲೇ ಇದ್ದರು. ಆಂಬುಲೆನ್ಸಿಗೆ ರೈಲ್ವೆ ಗೇಟ್ ತೆರೆದಿತ್ತು. (ಈ ಕಡೆ ಇರುವವರಿಗೆ ಗೊತ್ತು, ಅದೆಂಥ ಪವಾಡ ಅಂತ.) ಸಿಂಹಾಚಲದ ಅಪ್ಪನ್ನಸ್ವಾಮಿಗೆ ನಾನು ಹರಕೆ ಹೊರುವ ಮೊದಲೇ ಆತ ಮೂರು ಕೆಲಸ ಮುಗಿಸಿಬಿಟ್ಟಿದ್ದ.

ತಿಂಗಳಾದ ಮೇಲೆ ಡಾಕ್ಟರು, "ಇನ್ನು ಆಕ್ಯುಪೇಷನಲ್ ಥೆರಪಿ ಶುರು ಮಾಡಿ" ಎಂದರು. ನನಗೆ ಅರ್ಥವಾಗಲಿಲ್ಲ. ಈ ವಯಸ್ಸಿನಲ್ಲಿ ಅತ್ತೆಗೆ ಯಾವ ಉದ್ಯೋಗ ಕೊಡಿಸುತ್ತಾರೆ? ಆಮೇಲೆ ತಿಳಿಯಿತು, ದಿನನಿತ್ಯ ನಾವು ಮಾಡುವ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಚಿಕಿತ್ಸೆ ಅದು ಅಂತ. ಸ್ನಾನ, ಊಟ, ಬಟ್ಟೆ, ಬಾಚಣಿಗೆ.

ಅಲ್ಲಿ ಸಿಕ್ಕವಳು ಭಾಗ್ಯಶ್ರೀ. ಇಪ್ಪತ್ತೇಳು ವರ್ಷದ ಹುಡುಗಿ, ಧಾರವಾಡದವಳು, ಎರಡು ವರ್ಷಕ್ಕೆಂದು ಇಲ್ಲಿಗೆ ಬಂದವಳು. ನಾವು ಕನ್ನಡದವರು ಅಂತ ಗೊತ್ತಾದ ಕೂಡಲೇ ಅವಳ ಮುಖ ಅರಳಿದ್ದು ನೋಡಬೇಕಿತ್ತು. "ಅಯ್ಯ, ಹೌದನ್ರಿ ಅಕ್ಕಾರ! ಇಡೀ ದಿನ ತೆಲುಗು ಮಾತಾಡಿ ಮಾತಾಡಿ ನಾಲಿಗಿ ಬಾತೈತ್ರಿ ನಂದು" ಎಂದಳು.

ಅವಳ ಕೈಯಲ್ಲಿ ಒಂದು ಉದ್ದದ ಫಾರ್ಮ್ ಇತ್ತು. ಕೇಳುತ್ತಾ ಹೋದಳು. ನಾನು ಹೇಳುತ್ತಾ ಹೋದೆ.

"ಅಜ್ಜಿ ಮುಂಜಾನೆ ಎಷ್ಟಕ್ಕ ಏಳ್ತಿದ್ರಿ?"

"ಐದಕ್ಕೆ" ಎಂದೆ ನಾನು.

"ತಮ್ಮ ಕೆಲಸಾ ತಾವ ಮಾಡ್ಕೊಂತಿದ್ರಿ?"

"ಎಲ್ಲಾ ತಾವೇ" ಎಂದೆ ನಾನು.

"ಮನಿಯಾಗ ಏನರ ಕೆಲಸಾ ಮಾಡ್ತಿದ್ರಿ?"

ಇಲ್ಲಿ ನನ್ನ ಬೆನ್ನು ನೆಟ್ಟಗಾಯಿತು. "ಅಯ್ಯೋ ಎಲ್ಲಾದರೂ ಉಂಟೇನಮ್ಮಾ! ಒಂದು ಹುಲ್ಲುಕಡ್ಡಿ ಎತ್ತೋಕೂ ನಾನು ಬಿಡಲ್ಲ. ಪೂಜೆ, ಟೀವಿ, ಅಷ್ಟೇ."

ಸೊಸೆಯರೇ, ಕೈ ಎತ್ತಿ ನೋಡೋಣ. ಹೊರಗಿನವರು ಕೇಳಿದಾಗ "ನಮ್ಮ ಅತ್ತೆ ದಿನಾ ಮನೆಕೆಲಸ ಮಾಡುತ್ತಾರೆ" ಅಂತ ನಿಮ್ಮಲ್ಲಿ ಎಷ್ಟು ಜನ ಹೇಳುತ್ತೀರಿ? ಹೇಳಿದರೆ ಯಾರ ಮಾನ ಹೋಗುತ್ತದೆ? ನಮ್ಮ ಕಡೆ ಅತ್ತೆ ಕೂತು ಉಂಡರೆ ಸೊಸೆಗೆ ಸರ್ಟಿಫಿಕೇಟು. ಆ ಸರ್ಟಿಫಿಕೇಟನ್ನು ನಾನು ಆಸ್ಪತ್ರೆಯಲ್ಲೂ ಬಿಡದೆ ತೋರಿಸಿದೆ.

ಅತ್ತೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಏನೋ ಹೇಳಲು ಬಾಯಿ ತೆರೆದರು. ಲಕ್ವದ ಮೇಲೆ ಅವರಿಗೆ ಒಂದು ಮಾತು ಹೊರಗೆ ಬರಲು ಅರ್ಧ ನಿಮಿಷ ಬೇಕು. ಹೊರಗೆ ಹದಿಮೂರು ಪೇಷಂಟು ಕಾಯುತ್ತಿದ್ದರು. ಅಷ್ಟರಲ್ಲಿ ಭಾಗ್ಯಶ್ರೀ ಬರೆದುಕೊಂಡಾಗಿತ್ತು, ನಾನು ಮುಂದಿನ ಪ್ರಶ್ನೆಗೆ ಉತ್ತರ ಕೊಟ್ಟಾಗಿತ್ತು.

ನಾನು ಹೇಳಿದ್ದನ್ನು ನಂಬಿ ಟ್ರೀಟ್‌ಮೆಂಟ್ ನಡೆಯಿತು. ವಾರಕ್ಕೆ ಮೂರು ದಿನ, ಒಂದೊಂದು ಸಲ ಅರ್ಧ ಗಂಟೆ. ಪ್ಲಾಸ್ಟಿಕ್ ಶಂಕುಗಳನ್ನು ಒಂದರ ಮೇಲೊಂದು ಪೇರಿಸುವುದು. ಹಲಗೆಯ ತೂತುಗಳಿಗೆ ಗೂಟ ಸಿಕ್ಕಿಸುವುದು. ಸ್ಪಾಂಜ್ ಸುತ್ತಿ ದಪ್ಪ ಮಾಡಿದ ಹಿಡಿಯ ಚಮಚದಲ್ಲಿ ತಿನ್ನುವುದು. ಕುಪ್ಪಸದ ಹುಕ್ ತೆಗೆದು ಅಂಟುಪಟ್ಟಿ ಹಾಕಿಸಿದೆವು. ಅತ್ತೆ ಹೇಳಿದ್ದನ್ನೆಲ್ಲ ಮಾಡಿದರು. ತಪ್ಪಿಸಲಿಲ್ಲ, ಗೊಣಗಲಿಲ್ಲ. ಐದು ತಿಂಗಳಿಗೆ, ತಮ್ಮ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಅಂತ ನೋಡುವ ಪರೀಕ್ಷೆಯಲ್ಲಿ, ಎಂಬತ್ತೈದು ಬಂತು. ಹಾಳೆಯಲ್ಲಿ "ಊಟ: ಸ್ವತಂತ್ರ" ಅಂತ ಬರೆದಿತ್ತು.

ಸ್ವತಂತ್ರರು ಊಟ ಬಿಟ್ಟು ಕೂತಿದ್ದರು!

ಅದೇ ವಾರ ವಿಜಯವಾಡದಿಂದ ನಾದಿನಿ ಶಾರದಾ ಫೋನ್ ಮಾಡಿದಳು. ಅವಳು ತೆಲುಗು ಮನೆಗೆ ಸೇರಿದವಳು. ಗಂಡನ ಮನೆಯವರದು ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಇಷ್ಟು ವರ್ಷ ಅಂಗಡಿಯ ಮೇಲಿನ ಮೂರು ಕೋಣೆಯಲ್ಲೇ ಸಂಸಾರ ಮಾಡಿ, ಈಗ ಸ್ವಂತ ಫ್ಲಾಟ್ ಕೊಂಡಿದ್ದಾಳೆ. ವೈಶಾಖದಲ್ಲಿ ಗೃಹಪ್ರವೇಶ.

"ಅತ್ತಿಗೆ, ಅಮ್ಮನ್ನ ಕರ್ಕೊಂಡು ಬರ್ಲೇಬೇಕು. ಸೋಫಾ ಮೇಲೆ ರಾಣಿ ತರ ಕೂರಿಸ್ತೀನಿ. ಎಲ್ಲ ಅಲ್ಲಿಗೇ ಬಂದು ಆಶೀರ್ವಾದ ತಗೊಳ್ಳಲಿ."

ಸ್ಪೀಕರ್ ಆನ್ ಇತ್ತು. ಅತ್ತೆ ತಲೆ ಅಲ್ಲಾಡಿಸಿದರು. "ಬರ... ಲ್ಲ."

"ಯಾಕತ್ತೆ? ರೈಲು ಕಷ್ಟಾನಾ?"

ತಲೆ ಅಲ್ಲಾಡಿತು.

"ಬಾತ್‌ರೂಮಾ? ವೆಸ್ಟರ್ನ್ ಇದೆ ಅಂತೆ."

ಅದಕ್ಕೂ ಇಲ್ಲ.

"ಜನ ನೋಡ್ತಾರೆ ಅಂತ ನಾಚಿಕೇನಾ? ಚಮಚದಲ್ಲಿ ತಿನ್ನೋಕೆ ಬೇಜಾರಾ? ನಾನೇ ತಿನ್ನಿಸ್ತೀನಿ ಬಿಡಿ."

ಅತ್ತೆ ಕಣ್ಣು ಮುಚ್ಚಿಕೊಂಡರು. ನಮ್ಮವರು "ವೀಲ್‌ಚೇರ್ ಬುಕ್ ಮಾಡ್ತೀನಿ" ಎಂದರು. ಅತ್ತೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ನೋಡಿ, ಒಬ್ಬಳೇ ಮಗಳು, ಅವಳ ಸ್ವಂತ ಮನೆಯ ಮೊದಲ ಊಟ. ತಾಯಿ ಬರುವುದಿಲ್ಲ ಎನ್ನುತ್ತಿದ್ದಾರೆ. ಶಾರದಾ ಫೋನಿನಲ್ಲಿ ಅಳುತ್ತಿದ್ದಾಳೆ. ನಾನು ಲಲಿತಾ ಸಹಸ್ರನಾಮ ಹೇಳಿಕೊಂಡೆ. ದೇವಿ ಉತ್ತರ ಕೊಟ್ಟಳು, ಆದರೆ ಕೊಂಚ ಬೇರೆ ದಾರಿಯಲ್ಲಿ. ಹಿಂದಿನ ವಾರವೇ ಭಾಗ್ಯಶ್ರೀಯನ್ನು ಭಾನುವಾರದ ಊಟಕ್ಕೆ ಕರೆದಿದ್ದೆ. ಮರೆತೇ ಹೋಗಿತ್ತು. ಬೆಲ್ ಆಯಿತು, ಬಾಗಿಲಲ್ಲಿ ಹುಡುಗಿ ನಿಂತಿದ್ದಾಳೆ, ಕೈಯಲ್ಲಿ ಕಲ್ಲಂಗಡಿ.

ವಿಷಯ ಹೇಳಿದೆ. ಅವಳು ಅತ್ತೆಯ ಮಂಚದ ಪಕ್ಕ ನೆಲದ ಮೇಲೇ ಕೂತಳು.

"ಅಜ್ಜಿ, ಯಾಕ್ ಒಲ್ಲೆ ಅಂತೀರಿ?"

"ಅದೇನಂದ್ರೆ ಭಾಗ್ಯಶ್ರೀ, ಅವರಿಗೆ..." ಎಂದೆ ನಾನು.

"ಅಕ್ಕಾರ, ನೀವು ಸ್ವಲ್ಪ ಸುಮ್ನ ಕುಂದರ್ರಿ. ಇವತ್ತು ಸಂಡೇ. ಹೊರಗ ಯಾರೂ ಪಾಳಿ ಹಚ್ಚಿಲ್ಲ."

ಕಾದಳು. ನಾನೂ ಕಾದೆ. ನನಗೋ, ನಾಲಿಗೆಯ ತುದಿಯಲ್ಲಿ ಹತ್ತು ಉತ್ತರ ಕುಣಿಯುತ್ತಿವೆ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ಮದುವೆಯ ಮುಹೂರ್ತದ ನಂತರ ಅದೇ ಮೊದಲಿರಬೇಕು.

"ಬಡಿಸ... ಬೇಕು" ಎಂದರು ಅತ್ತೆ.

ಮತ್ತೆ ಸ್ವಲ್ಪ ಹೊತ್ತು. "ಮಗಳ... ಮನೇಲಿ. ಮೊದಲ... ಊಟ. ನಾನು... ಕೂತು ತಿಂದು... ಬರೋದಾ?"

ಭಾಗ್ಯಶ್ರೀ ನನ್ನ ಕಡೆ ತಿರುಗಿದಳು. "ಅಜ್ಜಿ ಮನಿಯಾಗ ಬಡಸ್ತಿದ್ರೇನ್ರಿ?"

ಹೂಂ. ಬಡಿಸುತ್ತಿದ್ದರು. ದಿನಾ. ಮೂರು ಹೊತ್ತೂ. ಅಡುಗೆ ನನ್ನದು, ಬಡಿಸುವುದು ಅವರದು. ಅದು ನಮ್ಮ ಮನೆಯ ಪದ್ಧತಿ. ಯಾರಿಗೆ ಎಷ್ಟು ಹಸಿವಿದೆ, ಯಾರು ಸಿಟ್ಟಿನಲ್ಲಿ ಕೂತಿದ್ದಾರೆ, ಯಾರಿಗೆ ಇನ್ನೊಂದು ಸೌಟು ಸಾರು ಬೇಕು, ಕೇಳದೆಯೇ ಅವರಿಗೆ ಗೊತ್ತಾಗುತ್ತಿತ್ತು. ತುಪ್ಪದ ಚಮಚವನ್ನು ಎಂಟು ವರ್ಷದಲ್ಲಿ ಒಂದು ದಿನವೂ ನನ್ನ ಕೈಗೆ ಕೊಟ್ಟವರಲ್ಲ. (ಮೊದಲ ವರ್ಷ ಅದಕ್ಕೇ ನಮ್ಮಿಬ್ಬರಿಗೂ ಸಣ್ಣ ಮುನಿಸು ಕೂಡ.) ಲಕ್ವ ಆದ ಮೇಲೆ ನಾನು ಅವರ ಮುಂದೆ ತಟ್ಟೆ ತಂದಿಟ್ಟು, "ಆರಾಮಾಗಿ ತಿನ್ನಿ ಅತ್ತೆ" ಅಂದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

"ಮತ್ತ ಹುಲ್ಲುಕಡ್ಡಿ ಎತ್ತಂಗಿಲ್ಲ ಅಂದಿದ್ರಿ?"

ಎಲ್ಲಿ ಮುಖ ಇಟ್ಟುಕೊಳ್ಳಲಿ?

ಆದರೆ ಹುಡುಗಿ ಒಳ್ಳೆಯವಳು. ನನ್ನನ್ನು ಬೈಯಲಿಲ್ಲ, ತನ್ನನ್ನೇ ಬೈದುಕೊಂಡಳು. "ತಪ್ಪು ನಂದೂ ಐತ್ರಿ. ನನ್ನ ಫಾರ್ಮಿನ್ಯಾಗ ಉಣ್ಣೂದೈತಿ, ಉಡೂದೈತಿ, ತಲಿ ಬಾಚ್ಕೊಳ್ಳೂದೈತಿ. ಬಡಸೂದು ಇಲ್ಲ. ಬಡಸೂದಕ್ಕ ಮಾರ್ಕ್ಸ್ ಇಲ್ಲ ನೋಡ್ರಿ. ನಮಗ ಕಲಿಸಿದ್ದೇನು? ಯಾರ ಹಂಗೂ ಇಲ್ದ, ತನ್ನ ಕೆಲಸಾ ತಾ ಒಬ್ಬಾಕಿನ ಮಾಡ್ಕೊಂಡ್ರ ಪೇಷಂಟ್ ಆರಾಮಾದಂಗ. ನಮ್ಮವ್ವ ಹುಟ್ಟಿದಾಗಿಂದ ಒಬ್ಬಾಕಿನ ಕುಂತು ಉಂಡಾಕಿ ಅಲ್ಲ. ಎಲ್ಲಾರಿಗೂ ನೀಡಿ ಆಮ್ಯಾಲ ಉಣ್ಣಾಕಿ. ಆಕಿ ನಾಳೆ ನನ್ನ ಮುಂದ ಕುಂತ್ರ ನಾನೂ ಇದ ಚಮಚಾ ಕೊಡ್ತಿದ್ದೆ."

ನಾನು ಅವತ್ತು ಬಹಳ ಯೋಚನೆ ಮಾಡಿದೆ. ಕೈಕಾಲು ಆಡದವರು ಅಂದರೆ ನಮ್ಮ ಸಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಮೂಲೆಮನೆಯವರ ಪ್ರಕಾರ ಅದು ಹಿಂದಿನ ಜನ್ಮದ ಪಾಪ. ಆಸ್ಪತ್ರೆಯ ಪ್ರಕಾರ ಅದು ರಿಪೇರಿಗೆ ಬಂದ ಕೈ. ನನ್ನ ಪ್ರಕಾರ? ಸೇವೆ. ಅತ್ತೆಗೆ ಸೇವೆ ಮಾಡಿದರೆ ಪುಣ್ಯ. ಮೂರೂ ಲೆಕ್ಕದಲ್ಲಿ ಅತ್ತೆಯನ್ನು ಏನು ಬೇಕು ಅಂತ ಕೇಳುವ ಜಾಗವೇ ಇಲ್ಲವಲ್ಲ! ಪುಣ್ಯವೆಲ್ಲ ನನಗೊಬ್ಬಳಿಗೇ ಬೇಕೇ? ಅತ್ತೆಗೂ ಸ್ವಲ್ಪ ಬೇಡವೇ?

ಗೃಹಪ್ರವೇಶಕ್ಕೆ ಹದಿನಾರು ದಿನ ಇತ್ತು. ಭಾಗ್ಯಶ್ರೀ ಡ್ಯೂಟಿ ಮುಗಿಸಿ ಸಂಜೆ ಮನೆಗೇ ಬರಲು ಶುರು ಮಾಡಿದಳು.

ಕಷ್ಟ ಒಂದಲ್ಲ. ಅತ್ತೆ ನಡೆಯುವುದು ಎಡಗೈಯಲ್ಲಿ ಕೋಲು ಹಿಡಿದು. ಬಲಗೈಗೆ ಬಲವಿಲ್ಲ. ಕೋಲು ಹಿಡಿದರೆ ತುಪ್ಪ ಹಿಡಿಯುವವರು ಯಾರು? "ಸೊಂಟದ ಎತ್ತರಕ್ಕ ಗಾಲಿ ಇರೋ ಒಂದು ಟೇಬಲ್ ಬೇಕ್ರಿ. ಅದಕ್ಕ ಆನ್ಕೊಂಡು ನಡೀಲಿ, ಅದರ ಮ್ಯಾಲ ತುಪ್ಪದ ಬಟ್ಟಲಾ ಇಡೂಣು" ಎಂದಳು ಭಾಗ್ಯಶ್ರೀ.

ಅಷ್ಟು ಸಾಕಾಯಿತು ನಮ್ಮವರಿಗೆ. ಡ್ರಾಯಿಂಗ್ ಹಾಕಿದರು. ಅಳತೆ ತೆಗೆದರು. ದುವ್ವಾಡದ ವೆಲ್ಡಿಂಗ್ ಅಂಗಡಿಗೆ ನಾಲ್ಕು ಸಲ ಹೋದರು. ಐದನೆಯ ದಿನ ಟ್ರಾಲಿ ಬಂತು. ಇಳಿಸಲು ಇಬ್ಬರು ಬೇಕಾಯಿತು!

ಭಾಗ್ಯಶ್ರೀ ಅದನ್ನು ಒಮ್ಮೆ ನೂಕಿ ನೋಡಿದಳು. "ಸರ್, ಇದು ಟ್ರಾಲಿನೋ ಬ್ಲಾಸ್ಟ್ ಫರ್ನೇಸೋ?"

"ಸ್ಟೆಬಿಲಿಟಿ ಮುಖ್ಯ ಅಲ್ವೇನಮ್ಮಾ?" ಎಂದರು ನಮ್ಮವರು, ಸ್ವಲ್ಪ ನೊಂದು.

"ಹೌದ್ರೀ. ಆದ್ರ ನೂಕೋರು ಅಜ್ಜಿ, ಕ್ರೇನ್ ಅಲ್ಲ."

ಎರಡನೆಯದನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಿದರು. ಹಗುರ, ಮಡಚಲು ಬರುತ್ತದೆ, ಗಾಲಿಗೆ ಬ್ರೇಕ್ ಇದೆ. (ಮೊದಲನೆಯದರ ಮೇಲೆ ಈಗ ನನ್ನ ತುಳಸಿ ಕುಂಡ ಇದೆ. ಚಂಡಮಾರುತ ಬಂದರೂ ಅಲ್ಲಾಡುವುದಿಲ್ಲ.)

ಇನ್ನು ಕೈ. "ಎಡಗೈಲೆ ಬಡಸಲಿ" ಎಂದಳು ಭಾಗ್ಯಶ್ರೀ. ಅಲ್ಲಿ ನಾನು ಎದ್ದು ನಿಂತೆ.

"ಎಡಗೈಯಲ್ಲಾ? ಗೃಹಪ್ರವೇಶದಲ್ಲಿ? ಎಲೆಗೆ?"

"ದೇವ್ರು ಎರಡೂ ಕೈ ಕೊಟ್ಟಾನಲ್ರೀ ಅಕ್ಕಾರ."

"ಕೊಟ್ಟಿದ್ದಾನೆ. ಒಂದೊಂದಕ್ಕೆ ಒಂದೊಂದು ಕೆಲಸ ಅಂತಲೂ ಹೇಳಿದ್ದಾನೆ."

"ಎಲ್ಲಿ ಹೇಳ್ಯಾನ್ರಿ? ತೋರಸ್ರಿ."

ನಮ್ಮಿಬ್ಬರ ವಾದ ಏರುತ್ತಿತ್ತು. ಆ ನಡುವೆ ಅತ್ತೆ ಏನು ಮಾಡಿದರು ಗೊತ್ತೇ? ಎಡಗೈಯಿಂದ ತಮ್ಮ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಚಮಚದ ದಪ್ಪ ಹಿಡಿಯ ಸುತ್ತ ಮಡಚಿದರು. ಆಮೇಲೆ ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು, ಮಗುವನ್ನು ಎತ್ತುವ ಹಾಗೆ ಎತ್ತಿದರು. ಚಮಚ ಬಟ್ಟಲಿಗೆ ಇಳಿಯಿತು, ಮೇಲೆ ಬಂತು.

"ಹೀ... ಗೆ" ಎಂದರು.

ನಮ್ಮ ವಾದ ಅಲ್ಲಿಗೇ ಮುಗಿಯಿತು. "ಇದಕ್ಕ ನಮ್ಮ ಪುಸ್ತಕದಾಗ ಒಂದು ಉದ್ದನ್ನ ಹೆಸರೈತ್ರಿ. ಅಜ್ಜಿ ಹೆಸರಿಲ್ದ ಮಾಡಿಬಿಟ್ರು" ಎಂದಳು ಭಾಗ್ಯಶ್ರೀ. ನನ್ನ ಶಾಸ್ತ್ರಕ್ಕೂ ಸರಿ, ಅವಳ ಶಾಸ್ತ್ರಕ್ಕೂ ಸರಿ. ಎರಡೂ ಶಾಸ್ತ್ರ ಬಲ್ಲ ಅತ್ತೆಯನ್ನು ನಾವಿಬ್ಬರೂ ಇಷ್ಟು ದಿನ ಪಾಠಕ್ಕೆ ಕೂರಿಸಿದ್ದೆವು!

ರಿಹರ್ಸಲ್ ಶುರುವಾಯಿತು. ತುಪ್ಪದ ಬದಲು ನೀರು. ಊಟಕ್ಕೆ ಕೂತವರ ಪಾರ್ಟಿಗೆ ಪಕ್ಕದ ಮನೆಯ ಲಕ್ಷ್ಮಿ ಗಾರು. (ತೆಲುಗಿನ ಗಾರು ಅಂದರೆ ನಮ್ಮ 'ಅವರು'.) ಪಾಪ, ದಿನಾ ಸಂಜೆ ಖಾಲಿ ತಟ್ಟೆಯ ಮುಂದೆ ಗಂಭೀರವಾಗಿ ಕೂರುತ್ತಿದ್ದರು. ಮೊದಲ ದಿನ ನೀರೆಲ್ಲ ಅವರ ತೊಡೆಗೆ. "ಪರ್ಲೇದಂಡಿ, ಎಂಡಾಕಾಲಮೇ ಕದಾ" ಎಂದರು. ಪರವಾಗಿಲ್ಲ, ಬೇಸಿಗೆಯೇ ಅಲ್ಲವೇ ಅಂತ. ಎರಡನೆಯ ದಿನ ಮೊಣಕೈಗೆ. ನಾಲ್ಕನೆಯ ದಿನ ತಟ್ಟೆಯ ಅಂಚಿಗೆ. ಒಂಬತ್ತನೆಯ ದಿನ ತಟ್ಟೆಯ ನಟ್ಟನಡುವೆ ಬಿತ್ತು. ಲಕ್ಷ್ಮಿ ಗಾರು ಚಪ್ಪಾಳೆ ತಟ್ಟಿದರು. ಅತ್ತೆ ನಗಲಿಲ್ಲ. "ಇನ್ನೊಂದ್ಸಲ" ಎಂದರು. ಆ ಮಾತು ಮಾತ್ರ ಒಂದೇ ಉಸಿರಿಗೆ ಬಂತು.

ರೈಲಿನಲ್ಲಿ ಟಿಕೆಟ್ ನೋಡಲು ಬಂದವರು ಟ್ರಾಲಿ ಕಂಡು "ಏಮಿಟಂಡಿ ಇದಿ?" ಅಂತ ಕೇಳಿದರು. ಕೇಳಬಾರದಿತ್ತು. ಇದೇನು ಅಂತ ನಮ್ಮವರು ಅನಕಾಪಲ್ಲಿಯಿಂದ ತುನಿಯವರೆಗೂ ವಿವರಿಸಿದರು.

ವಿಜಯವಾಡದ ಬಿಸಿಲಿನ ಬಗ್ಗೆ ಹೇಳುವುದಿಲ್ಲ. ಲಿಫ್ಟ್ ಕೆಲಸ ಮಾಡುತ್ತಿತ್ತು, ದೇವಿ ದಯೆ. ಊಟ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ, ಶಾಮಿಯಾನದ ಕೆಳಗೆ, ಟೇಬಲ್ ಮೇಲೆ ಬಾಳೆಎಲೆ. ಮೊದಲ ಪಂಕ್ತಿಗೆ ಮೂವತ್ತನಾಲ್ಕು ಜನ.

ಇಲ್ಲಿ ಒಂದು ಪದ್ಧತಿ ಇದೆ. ಅನ್ನ ಬರುತ್ತದೆ, ಗಟ್ಟಿ ತೊವ್ವೆ ಬರುತ್ತದೆ, ಉಪ್ಪಿನಕಾಯಿ ಬರುತ್ತದೆ. ಆದರೆ ತುಪ್ಪ ಬೀಳುವವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲ. ತುಪ್ಪ ಬಡಿಸುವವರಿಗಾಗಿ ಇಡೀ ಪಂಕ್ತಿ ಕಾಯುತ್ತದೆ. ಹುಷಾರಾದ ಕೈಯಾದರೆ ಎರಡು ನಿಮಿಷದ ಕೆಲಸ.

ಅತ್ತೆಗೆ ಒಂದು ಎಲೆಗೇ ಮುಕ್ಕಾಲು ನಿಮಿಷ ಬೇಕು.

ಲೆಕ್ಕ ನನಗೆ ಹೊಳೆದದ್ದು ಆಗಲೇ. ಕೇಟರಿಂಗ್ ಮೇಸ್ತ್ರಿ ಹೆಗಲ ಮೇಲಿನ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಶಾರದಾಳ ಹತ್ತಿರ ಬಂದ. "ಆಲಸ್ಯಂ ಅಯಿಪೋತುಂದಿ ಮೇಡಂ. ಸೆಕೆಂಡ್ ಬ್ಯಾಚ್ ವೈಟಿಂಗ್." ತಡವಾಗುತ್ತಿದೆ ಅಂತ. ಅವನ ಕೈಯಲ್ಲಿ ತುಪ್ಪದ ಜಗ್ ಸಿದ್ಧವಾಗಿತ್ತು.

ಶಾರದಾ ತಾಯಿಯ ಹತ್ತಿರ ಬಗ್ಗಿದಳು. "ಅಮ್ಮಾ, ಮೊದಲ್ನೇ ಎಲೆಗೆ ಒಂದು ಹನಿ ಹಾಕ್ಬಿಡು. ಫೋಟೋ ತೆಗ್ಸೋಣ. ಉಳಿದಿದ್ದು ಇವರು ನೋಡ್ಕೋತಾರೆ."

ಪ್ರೀತಿಯಿಂದಲೇ ಹೇಳಿದಳು. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅತ್ತೆ ಟ್ರಾಲಿ ಬಿಡಲಿಲ್ಲ. "ಫೋಟೋಗೆ... ಕಲ್ತಿದ್ದಲ್ಲ" ಎಂದರು.

ಶಾರದಾ ಸರಿದು ನಿಂತಳು. ಟ್ರಾಲಿ ಹೊರಟಿತು.

ಮೊದಲ ಎಲೆ. ಬ್ರೇಕ್. ಬೆರಳು. ಮಣಿಕಟ್ಟು. ಚಮಚ. ಅನ್ನದ ನಡುವೆ ತುಪ್ಪ ಬಿತ್ತು. ಎರಡು, ಮೂರು, ನಾಲ್ಕು. ಐದನೆಯ ಎಲೆ ನಾಗೇಶ್ವರರಾವ್ ಗಾರು ಅವರದು. ಶಾರದಾಳ ಮಾವ, ಎಪ್ಪತ್ತೆಂಟು ವರ್ಷ, ಅಂಗಡಿಯಲ್ಲಿ ಅವರು ಕೆಮ್ಮಿದರೆ ಗುಮಾಸ್ತರು ಎದ್ದು ನಿಲ್ಲುತ್ತಾರಂತೆ. ಹೊಸ ರೇಷ್ಮೆ ಪಂಚೆ ಉಟ್ಟು ಕೂತಿದ್ದರು.

ಅತ್ತೆಯ ಕೈ ನಡುಗಿತು. ಚಮಚದ ತುಪ್ಪವೆಲ್ಲ ಪಂಚೆಯ ಮೇಲೆ.

ಶಾರದಾಳ ಮುಖ ಬಿಳಿಚಿತು. ಮೇಸ್ತ್ರಿ ಜಗ್ ಎತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟ. ನಾನು ಇದ್ದಬದ್ದ ದೇವರನ್ನೆಲ್ಲ ಒಟ್ಟಿಗೇ ಕರೆದೆ.

ನಾಗೇಶ್ವರರಾವ್ ಗಾರು ಪಂಚೆ ನೋಡಿಕೊಂಡರು. ಎಲೆ ನೋಡಿದರು. ತಲೆ ಎತ್ತಿ ಅತ್ತೆಯನ್ನು ನೋಡಿದರು.

"ಅಮ್ಮಾ, ಪಂಚೆಕಿ ಪಡಿಂದಿ. ಅನ್ನಂಲೋ ಪಡಲೇದು. ನಾ ವಾಟಾ ಎಕ್ಕಡ?"

ಪಂಚೆಗೆ ಬಿತ್ತು, ಅನ್ನಕ್ಕೆ ಬೀಳಲಿಲ್ಲ, ನನ್ನ ಪಾಲು ಎಲ್ಲಿ ಅಂತ!

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಟೆರೇಸು ನಕ್ಕಿತು. ಅತ್ತೆ ಕೂಡ, ಬಾಯಿ ಸ್ವಲ್ಪ ಓರೆಯಾಗಿ, ನಕ್ಕರು. ಅವರು ಮತ್ತೆ ಬೆರಳು ಮಡಚಿಕೊಳ್ಳುವಾಗ ನಾಗೇಶ್ವರರಾವ್ ಗಾರು ಪಂಕ್ತಿಯ ಕಡೆ ತಿರುಗಿ ಒಂದು ಗುಡುಗು ಹಾಕಿದರು. "ಎವರೂ ಮೊದಲುಪೆಟ್ಟಕಂಡಿ. ಪೆದ್ದಾವಿಡ ವಸ್ತುನ್ನಾರು." ಯಾರೂ ಶುರು ಮಾಡಬೇಡಿ, ದೊಡ್ಡವರು ಬರುತ್ತಿದ್ದಾರೆ.

ಮೇಸ್ತ್ರಿ ಜಗ್ ಕೆಳಗಿಟ್ಟ.

ಎಲ್ಲರೂ ಕಾದರು. ಅನ್ನ ಆರಿತು, ಕಾದರು. ಹಪ್ಪಳ ಮೆತ್ತಗಾಯಿತು, ಕಾದರು. ಅತ್ತೆ ಪ್ರತಿಯೊಬ್ಬರ ಮುಖ ನೋಡಿ, ಪ್ರತಿಯೊಬ್ಬರಿಗೂ ಬಡಿಸಿದರು. ಹದಿನೈದು, ಹದಿನೆಂಟು. ಇಪ್ಪತ್ತೊಂದನೆಯ ಎಲೆಗೆ ಬಡಿಸಿದ ಮೇಲೆ ಟ್ರಾಲಿ ನಿಂತಿತು. ಹಣೆಯಲ್ಲಿ ಬೆವರು. ಕೈ ಸೋತಿದೆ ಅಂತ ನನಗೆ ದೂರದಿಂದಲೇ ಗೊತ್ತಾಯಿತು. ಓಡಿಹೋಗಲು ಕಾಲು ಎತ್ತಿದೆ. ತಡೆದುಕೊಂಡೆ.

ಅವರು ತಾವೇ ತಿರುಗಿದರು. "ಸಾವಿತ್ರಿ" ಎಂದು ನನ್ನನ್ನೇ ಕರೆದರು. ಚಮಚ ಮುಂದಕ್ಕೆ ಚಾಚಿದರು. "ಉಳಿದದ್ದು... ನೀನು."

ಎಂಟು ವರ್ಷದಲ್ಲಿ ಮೊದಲ ಸಲ ಅವರಾಗಿಯೇ ಕೊಟ್ಟ ಚಮಚ. ಹದಿಮೂರು ಎಲೆಗೆ ನಾನು ಬಡಿಸಿದೆ. ಕಣ್ಣು ಮಂಜಾಗಿ ಇಬ್ಬರಿಗೆ ಸ್ವಲ್ಪ ಜಾಸ್ತಿಯೇ ಬಿತ್ತು. ಯಾರೂ ದೂರಲಿಲ್ಲ.

ಆಮೇಲೆ ಅತ್ತೆ ಮಗಳ ಪಕ್ಕ ಕೂತು, ಹೊಟ್ಟೆ ತುಂಬ ಉಂಡರು. ಎದುರಿಗಿದ್ದ ನಾಗೇಶ್ವರರಾವ್ ಗಾರು "ಇಲ್ಲು ಎಲಾ ಉಂದಮ್ಮಾ?" ಅಂತ ಕೇಳಿದರು. ಮನೆ ಹೇಗಿದೆ ಅಂತ. ಅಭ್ಯಾಸ ನೋಡಿ, ನನ್ನ ಬಾಯಿ ತೆರೆದೇಬಿಟ್ಟಿತು. ಎಂಟು ವರ್ಷದಿಂದ ಅತ್ತೆಗೆ ತೆಲುಗಿನ ದುಭಾಷಿ ನಾನೇ ತಾನೇ? ಸರಕ್ಕನೆ ಮುಚ್ಚಿಕೊಂಡೆ. ಅವರು ಮಜ್ಜಿಗೆಯನ್ನದ ಕೈ ಹಾಗೇ ಹಿಡಿದು ಕಾದರು.

"ಇಲ್ಲು... ಬಾಗುಂದಿ. ಗಾಲಿ... ಬಾಗಾ... ವಸ್ತುಂದಿ" ಎಂದರು ಅತ್ತೆ. ಮನೆ ಚೆನ್ನಾಗಿದೆ, ಗಾಳಿ ಚೆನ್ನಾಗಿ ಬರುತ್ತೆ.

ತೆಲುಗಿನಲ್ಲಿ! ಅತ್ತೆಗೆ ತೆಲುಗು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಯಾವಾಗ ಕಲಿತರೋ. ಹೇಳಲು ನಾನು ಎಲ್ಲಿ ಬಿಟ್ಟಿದ್ದೆ?

ರೈಲಿನಿಂದಲೇ ಭಾಗ್ಯಶ್ರೀಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಅವಳ ಹತ್ತಿರವೂ ಸುದ್ದಿ ಇತ್ತು. ಫಾರ್ಮಿನ ತಲೆಯ ಮೇಲೆ ಈಗ ಪೆನ್ನಿನಲ್ಲಿ ಒಂದು ಪ್ರಶ್ನೆ ಸೇರಿಸುತ್ತಿದ್ದಾಳಂತೆ: ಯಾರಿಗಾಗಿ ಏನು ಮಾಡುತ್ತಿದ್ದಿರಿ? "ನಮ್ಮ ಸೀನಿಯರ್ ಮೇಡಂ ಬೈದ್ರು ಅಕ್ಕಾರ. ಕಂಪ್ಯೂಟರಿನ್ಯಾಗ ಅದಕ್ಕ ಜಾಗಾ ಇಲ್ಲಂತ. ಇಲ್ದಿದ್ರ ಇಲ್ಲ, ಕೇಳಾಕ ಏನ್ ಅಡ್ಡಿ ಐತಿ? ಪೇಷಂಟ್ ಕಡಿಂದನ ಕೇಳ್ತೀನಿ. ಸಂಗಾಟ ಬಂದೋರಿಗೆ ಹೊರಗ ಕುಂದರ್ರಿ ಅಂತೀನಿ." ನನ್ನಂಥವರನ್ನು ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಮರ್ಯಾದಸ್ಥ ಹುಡುಗಿ.

ಕೈ ಸೋತವರಿಗೆ ಭಾಗ್ಯಶ್ರೀ ಇದ್ದಾಳೆ. ಕಾಯಲು ಬಾರದ ನಮಗೆ ಯಾರಿದ್ದಾರೆ?